ಒಂದೇ ಸಭೆ, ಹಲವು ಮನಸ್ಸು: ದಕ್ಷಿಣ ಭಾರತದ ಕ್ರೈಸ್ತ ಐಕ್ಯದ ಕಥನ

1947ರ ಸೆಪ್ಟೆಂಬರ್ 27. ದೇಶ ಇಬ್ಭಾಗವಾಗಿ ಆರು ವಾರಗಳಷ್ಟೇ ಕಳೆದಿದ್ದವು. ಅಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು ನಡೆಯಿತು. ಮೂರು ಪ್ರತ್ಯೇಕ ಪ್ರೊಟೆಸ್ಟೆಂಟ್ ಸಭೆಗಳು ತಮ್ಮ ಹಳೆಯ ಹೆಸರುಗಳನ್ನು ಬಿಟ್ಟು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಅಸ್ತಿತ್ವಕ್ಕೆ ಬಂತು. ಸುಮಾರು 10 ಲಕ್ಷ ಕ್ರೈಸ್ತರು ಅದರ ಸದಸ್ಯರಾದರು. ಬಿಷಪ್ಪರ ಆಡಳಿತವಿದ್ದ ಆಂಗ್ಲಿಕನ್ ಸಭೆ, ಬಿಷಪ್ಪರಿಲ್ಲದ ಸಭೆಗಳೊಡನೆ ಒಂದೇ ಸಂಸ್ಥೆಯಾಗಿ ಬೆರೆತದ್ದು ಪ್ರಪಂಚದಲ್ಲೇ ಅದು ಮೊದಲು. ಹದಿನಾರನೆಯ ಶತಮಾನದಿಂದ ಒಡೆಯುತ್ತಲೇ ಬಂದಿದ್ದ ಪಾಶ್ಚಾತ್ಯ ಕ್ರೈಸ್ತ ಪರಂಪರೆ ಒಂದುಗೂಡಲು ಮಾರ್ಗ ಕಂಡುಕೊಂಡದ್ದು ಯೂರೋಪಿನಲ್ಲಲ್ಲ, ದಕ್ಷಿಣ ಭಾರತದಲ್ಲಿ.

ಈ ಐಕ್ಯ ಸುಲಭವಾಗಿ ಕೈಗೂಡಲಿಲ್ಲ. ಮಾತುಕತೆಗೆ 28 ವರ್ಷ ಹಿಡಿಯಿತು. ಒಂದಾದ ಮೇಲೆಯೂ ಭಿನ್ನಮತಗಳು ಮುಗಿಯಲಿಲ್ಲ. ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಗಳ ಇಂದಿನ ರೂಪುರೇಷೆಗೂ ಈ ಕಥನಕ್ಕೂ ನೇರ ಸಂಬಂಧವಿದೆ.

ಭಿನ್ನಮತದ ಹಳೆಯ ಬೇರು

ಕ್ರೈಸ್ತ ಸಭೆಯಲ್ಲಿ ಜಗಳವಿಲ್ಲದ ಸುವರ್ಣಯುಗವೊಂದು ಎಂದೋ ಇತ್ತೆಂಬ ಭಾವನೆ ಇತಿಹಾಸಕ್ಕೆ ಹೊಂದುವುದಿಲ್ಲ. ಹೊಸ ಒಡಂಬಡಿಕೆಯ ಪುಸ್ತಕಗಳೇ ಇದಕ್ಕೆ ಸಾಕ್ಷಿ. ಯೆಹೂದ್ಯರಲ್ಲದವರು ಸಭೆಗೆ ಸೇರಬೇಕಾದರೆ ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ವಿವಾದ ಯೆರೂಸಲೇಮಿನ ಹಿರಿಯರ ಮುಂದೆ ಬಂದದ್ದನ್ನು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ವಿವರಿಸುತ್ತದೆ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರೆದುರೇ ಆಕ್ಷೇಪಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರ ತಿಳಿಸುತ್ತದೆ. ಕೊರಿಂಥದ ಸಭೆಯವರು ಒಬ್ಬೊಬ್ಬ ಬೋಧಕನ ಹೆಸರು ಹಿಡಿದು ಪಂಗಡ ಕಟ್ಟಿಕೊಂಡಿದ್ದರು.

ಮುಂದಿನ ಒಡಕುಗಳು ಇನ್ನೂ ದೊಡ್ಡವು. 451ರ ಕ್ಯಾಲ್ಸಿಡನ್ ಮಹಾಸಭೆಯ ನಿರ್ಣಯವನ್ನು ಒಪ್ಪದ ಪೌರಸ್ತ್ಯ ಸಭೆಗಳು ಬೇರೆಯಾದವು. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ಗಳ ಪ್ರತಿನಿಧಿಗಳು ಪರಸ್ಪರ ಬಹಿಷ್ಕಾರ ಹಾಕಿದರು. 1517ರಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಸುಧಾರಣೆಯಿಂದ ಲೂಥರನ್, ರಿಫಾರ್ಮ್ಡ್, ಆಂಗ್ಲಿಕನ್ ಪರಂಪರೆಗಳು ಹುಟ್ಟಿದವು. ನಂತರ ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮುಂತಾದ ಕವಲುಗಳು ಒಡೆದವು. ಭಾರತದೊಳಗೂ ಇಂಥ ಅನುಭವವಿತ್ತು. 1599ರ ಉದಯಂಪೇರೂರು ಸಭೆಯಲ್ಲಿ ಪೋರ್ಚುಗೀಸರು ಕೇರಳದ ಸಂತ ತೋಮರ ಕ್ರೈಸ್ತರನ್ನು ರೋಮಿನ ಪದ್ಧತಿಗೆ ಒಳಪಡಿಸಿದರು. ಅದನ್ನು ಪ್ರತಿಭಟಿಸಿ 1653ರಲ್ಲಿ ಮಟ್ಟಾಂಚೇರಿಯಲ್ಲಿ ಕೂನನ್ ಶಿಲುಬೆಯ ಪ್ರತಿಜ್ಞೆ ನಡೆಯಿತು. ಮೇಲಿನಿಂದ ಹೇರಿದ ಐಕ್ಯ ಹೇಗೆ ಒಡಕಿನಲ್ಲಿ ಮುಗಿಯುತ್ತದೆ ಎಂಬುದಕ್ಕೆ ಈ ಪ್ರಸಂಗ ನಿದರ್ಶನ.

ಊರಿನಿಂದ ಬಂದ ಪಂಗಡ

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಮಿಷನ್‌ಗಳು ತಂತಮ್ಮ ಕ್ಷೇತ್ರಗಳಲ್ಲಿ ನೆಲೆಸಿದವು. ಲಂಡನ್ ಮಿಷನ್ ಬಳ್ಳಾರಿಯಲ್ಲೂ ಬೆಂಗಳೂರಿನಲ್ಲೂ ಕೆಲಸ ಮಾಡಿತು. ವೆಸ್ಲಿಯನ್ ಮೆಥಡಿಸ್ಟರು ಮೈಸೂರು ಸಂಸ್ಥಾನದ ಊರುಗಳಲ್ಲಿ ಶಾಲೆ, ಆಸ್ಪತ್ರೆ, ಮುದ್ರಣಾಲಯಗಳನ್ನು ಕಟ್ಟಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕರಾವಳಿ ಹಾಗೂ ಧಾರವಾಡ ಸೀಮೆಗಳಲ್ಲಿ ಹರಡಿತು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟು ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಈ ಮಿಷನ್ನಿಗೆ ಸೇರಿದವರು. ಅಮೆರಿಕದ ಮೆಥಡಿಸ್ಟರು ಬೀದರ್, ಬೆಳಗಾವಿ, ಕೋಲಾರದ ಕಡೆ ನೆಲೆಯೂರಿದರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನ್ಯದೊಡನೆ ಆಂಗ್ಲಿಕನ್ ದೇವಾಲಯಗಳು ಎದ್ದವು.

ಒಬ್ಬರ ಕ್ಷೇತ್ರಕ್ಕೆ ಇನ್ನೊಬ್ಬರು ಕೈಹಾಕಬಾರದೆಂಬ ಒಪ್ಪಂದ ಮಿಷನ್‌ಗಳ ನಡುವೆ ಇತ್ತು. ಇದರ ಪರಿಣಾಮ ವಿಚಿತ್ರವಾಗಿತ್ತು. ಉಡುಪಿಯಲ್ಲಿ ಕ್ರೈಸ್ತನಾದವನು ಬಾಸೆಲ್ ಸಭೆಯವನಾದ. ತುಮಕೂರಿನಲ್ಲಿ ಆದವನು ವೆಸ್ಲಿಯನ್ ಆದ. ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡುಗಳ ಹಳೆಯ ವಾದವಿವಾದಗಳಲ್ಲಿ ಅವನು ಪಕ್ಷ ವಹಿಸಿ ಈ ಹೆಸರನ್ನು ಆರಿಸಿಕೊಂಡಿರಲಿಲ್ಲ. ಅವನ ಪಂಗಡವನ್ನು ನಿರ್ಧರಿಸಿದ್ದು ಅವನ ಊರು. ಇಂಥವರು ಉದ್ಯೋಗಕ್ಕಾಗಿ ಬೆಂಗಳೂರಿಗೆ ಬಂದಾಗ ಯಾವ ದೇವಾಲಯಕ್ಕೆ ಹೋಗಬೇಕು, ಯಾರ ಕೈಯಿಂದ ಕರ್ತನ ಭೋಜನ ಪಡೆಯಬೇಕು ಎಂಬ ಪ್ರಶ್ನೆಗಳು ತಲೆಯೆತ್ತಿದವು. ಅಲ್ಪಸಂಖ್ಯಾತ ಸಮುದಾಯವೊಂದು ತನ್ನದಲ್ಲದ ಕಾರಣಗಳಿಗಾಗಿ ಹಂಚಿಹೋಗಿರುವುದು ಭಾರತೀಯ ಕ್ರೈಸ್ತ ನಾಯಕರಿಗೆ ಅಸಂಗತವೆನಿಸಿತು.

ಮೊದಲ ಹೆಜ್ಜೆ 1908ರಲ್ಲಿ ಬಿತ್ತು. ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೀರಿಯನ್ ಪರಂಪರೆಗಳ ಸಭೆಗಳು ಸೇರಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಆರಂಭವಾಯಿತು. ಬೇರೆ ಬೇರೆ ಸಭೆಗಳ ಭಾವೀ ಸಭಾಪಾಲಕರು ಒಂದೇ ಕೊಠಡಿಯಲ್ಲಿ ಕುಳಿತು ಓದಿದ್ದು ಮುಂದಿನ ಐಕ್ಯಕ್ಕೆ ನೆಲ ಹದಗೊಳಿಸಿತು.

ತರಂಗಂಬಾಡಿಯ ಕರೆ

1919ರ ಮೇ ಮೊದಲ ವಾರದಲ್ಲಿ ತರಂಗಂಬಾಡಿಯಲ್ಲಿ 33 ಮಂದಿ ಸೇರಿದರು. 1706ರಲ್ಲಿ ಭಾರತದ ಮೊದಲ ಪ್ರೊಟೆಸ್ಟೆಂಟ್ ಮಿಷನರಿ ಝೀಗನ್‌ಬಾಲ್ಗ್ ಬಂದಿಳಿದ ಊರದು. ಸೇರಿದವರಲ್ಲಿ ಇಬ್ಬರನ್ನುಳಿದು ಎಲ್ಲರೂ ಭಾರತೀಯರು. ಅವರ ಮುಂದಾಳು ದೋರ್ನಕಲ್‌ನ ಬಿಷಪ್ ವಿ.ಎಸ್. ಅಜರಯ್ಯ. 1912ರಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪ್ಪರಾದವರು ಇವರು. ಅದಕ್ಕೂ ಮುನ್ನ 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದಲ್ಲಿ, ಮಿಷನರಿಗಳು ಭಾರತೀಯರಿಗೆ ದಾನಿಗಳಾಗಿ ಉಳಿಯದೆ ಸ್ನೇಹಿತರಾಗಬೇಕೆಂದು ಬಿಚ್ಚುಮಾತಿನಲ್ಲಿ ಕೇಳಿದವರು.

ತರಂಗಂಬಾಡಿಯಲ್ಲಿ ಹೊರಟ ಹೇಳಿಕೆಯ ತಿರುಳು ಸ್ಪಷ್ಟವಾಗಿತ್ತು: ಈ ಒಡಕುಗಳನ್ನು ತಾವು ಮಾಡಿಕೊಂಡದ್ದಲ್ಲ, ಇವು ಹೊರಗಿನಿಂದ ಬಂದವು, ದೇಶದ ಮುಂದಿರುವ ಕರ್ತವ್ಯಕ್ಕೆ ಇವು ಅಡ್ಡಿ. ಆಂಗ್ಲಿಕನ್ ಸಭೆಗೂ ಸಂಯುಕ್ತ ಸಭೆಗೂ ಮಾತುಕತೆ ಮರುವರ್ಷವೇ ಶುರುವಾಯಿತು. 1925ರಲ್ಲಿ ವೆಸ್ಲಿಯನ್ ಮೆಥಡಿಸ್ಟರೂ ಸೇರಿಕೊಂಡರು. 1929ರಲ್ಲಿ ಐಕ್ಯ ಯೋಜನೆಯ ಕರಡು ಪ್ರಕಟವಾಯಿತು.

ತೊಡಕಿನ ಗಂಟು: ಬಿಷಪ್ ಪದವಿ

ಪವಿತ್ರ ಗ್ರಂಥ, ಪುರಾತನ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡು ಸಂಸ್ಕಾರಗಳು, ಇಷ್ಟರಲ್ಲಿ ಹೆಚ್ಚಿನ ತಕರಾರಿರಲಿಲ್ಲ. ನಾಲ್ಕನೆಯದಾದ ಬಿಷಪ್ ಪದವಿಯೇ ದೊಡ್ಡ ಗಂಟು. ಅಪೊಸ್ತಲರ ಕಾಲದಿಂದ ಕೈಯಿಡುವಿಕೆಯ ಮೂಲಕ ಅಖಂಡವಾಗಿ ಹರಿದುಬಂದ ಬಿಷಪ್ಪರ ಪರಂಪರೆಯಿಂದಲೇ ಸಭಾಪಾಲಕನಿಗೆ ಅಧಿಕಾರ ಸಿಗುತ್ತದೆಂದು ಆಂಗ್ಲಿಕನ್ನರಲ್ಲಿ ಒಂದು ಪಕ್ಷ ನಂಬಿತ್ತು. ಇದನ್ನು ಒಪ್ಪಿದರೆ ಬಿಷಪ್ಪರಿಲ್ಲದ ಸಭೆಗಳ ಪಾಲಕರು ಅಷ್ಟು ಕಾಲ ಮಾಡಿದ ಸೇವೆ ಊನವಾದದ್ದೆಂದು ಒಪ್ಪಿದಂತೆ. ಕಾಂಗ್ರಿಗೇಷನಲ್ ಪರಂಪರೆಯವರಿಗೆ ಇದು ಆತ್ಮಗೌರವದ ಪ್ರಶ್ನೆ; ಬಿಷಪ್ ಎಂಬ ಪದವಿಯಲ್ಲೇ ಅವರಿಗೆ ದರ್ಪದ ವಾಸನೆ ಕಂಡಿತ್ತು. ಅತ್ತ ಆಂಗ್ಲಿಕನ್ನರಿಗೆ, ಬಿಷಪ್ಪರಿಂದ ಅಭಿಷೇಕ ಹೊಂದದವರು ಕರ್ತನ ಭೋಜನವನ್ನು ನಡೆಸಲು ಒಪ್ಪಿಬಿಟ್ಟರೆ ಪೂರ್ವಿಕರಿಂದ ಬಂದ ನಿಧಿಯನ್ನು ಕೈಬಿಟ್ಟಂತೆ.

ಎರಡೂ ಕಡೆಯವರ ಆತಂಕ ಪ್ರಾಮಾಣಿಕವಾಗಿತ್ತು. ಆದ್ದರಿಂದಲೇ ಕಂಡುಕೊಂಡ ಪರಿಹಾರ ಗಮನಾರ್ಹ. ಹೊಸ ಸಭೆಗೆ ಬಿಷಪ್ಪರಿರುತ್ತಾರೆ, ಆದರೆ ಅವರು ಚುನಾಯಿತರು ಹಾಗೂ ಸಂವಿಧಾನಕ್ಕೆ ಬದ್ಧರು. ಬಿಷಪ್ ಪದವಿಗೆ ಒಂದೇ ದೈವಶಾಸ್ತ್ರೀಯ ಅರ್ಥವನ್ನು ಯಾರ ಮೇಲೂ ಹೇರುವುದಿಲ್ಲ. ಐಕ್ಯದ ದಿನ ಸೇವೆಯಲ್ಲಿರುವ ಎಲ್ಲ ಪಾಲಕರನ್ನೂ ಪುನರಭಿಷೇಕವಿಲ್ಲದೆ ಅಂಗೀಕರಿಸಲಾಗುತ್ತದೆ. ಅಂದಿನಿಂದ ಮುಂದಿನ ಅಭಿಷೇಕಗಳೆಲ್ಲ ಬಿಷಪ್ಪರ ಕೈಯಿಂದಲೇ ನಡೆಯುತ್ತವೆ. 30 ವರ್ಷಗಳ ಕಾಲ ಎರಡು ಬಗೆಯ ಪಾಲಕರೂ ಜೊತೆಯಾಗಿ ದುಡಿಯುತ್ತಾರೆ. ಆಮೇಲೆ ಉಳಿದ ಅಪವಾದಗಳನ್ನು ಸಭೆ ತಾನೇ ನಿರ್ಧರಿಸಿಕೊಳ್ಳುತ್ತದೆ.

ಇದರೊಡನೆ ಒಂದು ವಚನವನ್ನೂ ಸೇರಿಸಲಾಯಿತು. ಯಾವ ಸ್ಥಳೀಯ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಆರಾಧನಾ ಕ್ರಮವನ್ನಾಗಲಿ ಪಾಲಕನನ್ನಾಗಲಿ ಹೇರುವುದಿಲ್ಲ ಎಂಬುದೇ ಆ ವಚನ. ಭಿನ್ನಮತವನ್ನು ಮೊದಲು ಅಳಿಸಿ ಆಮೇಲೆ ಒಂದಾಗುವುದು ಸಾಮಾನ್ಯ ಎಣಿಕೆ. ಇಲ್ಲಿ ಕ್ರಮ ತಿರುವುಮುರುವಾಯಿತು: ಮೊದಲು ಒಂದಾಗುವುದು, ಜೊತೆಯ ಬಾಳಿನಲ್ಲಿ ಭಿನ್ನಮತವನ್ನು ಮಾಗಿಸುವುದು.

ವಿರೋಧದ ಅಲೆ

ಇಂಗ್ಲೆಂಡಿನಲ್ಲಿ ಆಂಗ್ಲೋ-ಕ್ಯಾಥೊಲಿಕ್ ಪಕ್ಷ ಈ ಯೋಜನೆಯನ್ನು ಕಟುವಾಗಿ ವಿರೋಧಿಸಿತು. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಇದರ ವಿರುದ್ಧ ಕಿರುಹೊತ್ತಗೆಯನ್ನೇ ಬರೆದರು. ವಿನಾಶದ ಮೂಲಕ ಪುನರೈಕ್ಯ ಎಂಬರ್ಥದ ಅದರ ಶೀರ್ಷಿಕೆಯೇ ಅವರ ನಿಲುವನ್ನು ಸಾರುತ್ತದೆ. ಅವಸರದ ಹೊಂದಾಣಿಕೆಯಿಂದ ಸತ್ಯಕ್ಕೆ ಧಕ್ಕೆಯಾಗುತ್ತದೆ ಎಂಬುದು ಈ ಪಕ್ಷದ ವಾದ.

ಆದರೂ ಒಂದೊಂದೇ ಸಭೆ ಯೋಜನೆಗೆ ಒಪ್ಪಿಗೆ ನೀಡಿತು: 1943ರಲ್ಲಿ ಮೆಥಡಿಸ್ಟರು, 1945ರ ಜನವರಿಯಲ್ಲಿ ಆಂಗ್ಲಿಕನ್ ಮಹಾಮಂಡಲ, 1946ರಲ್ಲಿ ಸಂಯುಕ್ತ ಸಭೆ. ಅಜರಯ್ಯನವರು ಈ ಫಲವನ್ನು ಕಾಣಲಿಲ್ಲ. ಅವರು 1945ರ ಜನವರಿ 1ರಂದು, ಮಹಾಮಂಡಲದ ನಿರ್ಣಯಕ್ಕೆ ಕೆಲವೇ ದಿನ ಮೊದಲು ತೀರಿಕೊಂಡಿದ್ದರು.

ಐಕ್ಯದ ಬೆನ್ನಿಗೇ ಒಡಕೂ ಕಾಣಿಸಿಕೊಂಡಿತು. ಆಂಧ್ರದ ನಂದ್ಯಾಲ ಪ್ರದೇಶದ ಸಾವಿರಾರು ಆಂಗ್ಲಿಕನ್ನರು ಹೊಸ ಸಭೆಗೆ ಸೇರಲು ನಿರಾಕರಿಸಿ ಹಳೆಯ ಸಭೆಯಲ್ಲೇ ಉಳಿದರು. ಒಂದುಗೂಡಿಸಲು ಹೊರಟ ಯತ್ನ ಆ ಸೀಮೆಯ ಊರುಗಳಲ್ಲಿ ನೆರೆಹೊರೆಯವರನ್ನು ಎರಡು ಪಂಗಡ ಮಾಡಿತು. ಅತ್ತ 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಜಗತ್ತಿನ ಆಂಗ್ಲಿಕನ್ ಬಿಷಪ್ಪರು ಹೊಸ ಸಭೆಯ ಅಭಿಷೇಕಗಳನ್ನು ಪೂರ್ತಿ ಮನ್ನಿಸುವುದರ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಐಕ್ಯಕ್ಕೆ ಒಪ್ಪಿದವರು ತಮ್ಮ ತಾಯಿಸಭೆಯಿಂದಲೇ ಅರೆಬರೆ ಹೊರಗಿನವರಾಗಿ ಉಳಿಯಬೇಕಾಯಿತು. ಸಿಎಸ್‌ಐ ಬಿಷಪ್ಪರು ಲ್ಯಾಂಬೆತ್‌ನಲ್ಲಿ ಪೂರ್ಣ ಸದಸ್ಯರಾಗಿ ಕುಳಿತದ್ದು 1988ರಲ್ಲಿ.

ಕನ್ನಡ ನಾಡಿನಲ್ಲಿ

1947ರಲ್ಲಿ ರಚಿತವಾದ ಮೈಸೂರು ಡಯಾಸಿಸ್‌ನ ಪ್ರಥಮ ಬಿಷಪ್ಪರಾದವರು ಮೆಥಡಿಸ್ಟ್ ಪರಂಪರೆಯಿಂದ ಬಂದ ಪಿ. ಗುರುಶಾಂತ. ಬಾಸೆಲ್ ಮಿಷನ್ನಿನ ಸಭೆಗಳೆಲ್ಲ ಒಮ್ಮೆಗೇ ಕೂಡಿಬರಲಿಲ್ಲ. ಮುಂಬಯಿ ಕರ್ನಾಟಕದ ಸಭೆಗಳು ನಂತರದ ವರ್ಷಗಳಲ್ಲಿ ಸೇರಿದವು. 1970ರಲ್ಲಿ ಮೈಸೂರು ಡಯಾಸಿಸ್ ಮೂರಾಗಿ, ಬೆಂಗಳೂರು, ಧಾರವಾಡ ಹಾಗೂ ಮಂಗಳೂರುಗಳನ್ನು ಕೇಂದ್ರವಾಗಿಸಿಕೊಂಡ ಮಧ್ಯ, ಉತ್ತರ, ದಕ್ಷಿಣ ಕರ್ನಾಟಕ ಡಯಾಸಿಸ್‌ಗಳು ಹುಟ್ಟಿದವು. ಆಂಗ್ಲಿಕನ್ನರು ಕಟ್ಟಿದ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ವೆಸ್ಲಿಯನ್ನರು 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯ ಇಂದು ಒಂದೇ ಡಯಾಸಿಸ್‌ಗೆ ಸೇರಿವೆ. ಬಾಸೆಲ್ ಪರಂಪರೆಯ ಮಂಗಳೂರಿನ ಶಾಂತಿ ಕೆಥೆಡ್ರಲ್ ದಕ್ಷಿಣ ಡಯಾಸಿಸ್‌ನ ಪೀಠ.

ಬೀದರ್, ಬೆಳಗಾವಿ, ಕೋಲಾರದ ಕಡೆಯ ಅಮೆರಿಕನ್ ಮೂಲದ ಮೆಥಡಿಸ್ಟರು ಈ ಕೂಟದಲ್ಲಿ ಸೇರಲಿಲ್ಲ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ಸ್ಥಾಪನೆಯಾದಾಗಲೂ ಅವರು ಕೊನೆಯ ಘಟ್ಟದಲ್ಲಿ ಹಿಂದೆ ಸರಿದರು. ಹೀಗಾಗಿ ಕರ್ನಾಟಕದಲ್ಲಿ ಮೆಥಡಿಸ್ಟ್ ಪರಂಪರೆಯ ಒಂದು ಕವಲು ಸಿಎಸ್‌ಐ ಒಳಗಿದ್ದರೆ, ಮತ್ತೊಂದು ಸ್ವತಂತ್ರವಾಗಿದೆ.

ಮಾತುಕತೆಗಿಂತ ಹೆಚ್ಚು ಬೆಸೆದದ್ದು ಜೊತೆಯ ಆರಾಧನೆ ಎನ್ನಬಹುದು. 1950ರಲ್ಲಿ ಸಿಎಸ್‌ಐ ಕರ್ತನ ಭೋಜನದ ಹೊಸ ಕ್ರಮವನ್ನು ಸಿದ್ಧಪಡಿಸಿತು. ಪಾಲಕನು ಮೇಜಿನ ಹಿಂದೆ ನಿಂತು ಜನರಿಗೆ ಅಭಿಮುಖವಾಗುವುದು, ಶಾಂತಿಯ ಗುರುತನ್ನು ಕೈಯಿಂದ ಕೈಗೆ ದಾಟಿಸುವುದು ಇದರ ವಿಶೇಷ. ಎರಡನೆಯದನ್ನು ಕೇರಳದ ಸಿರಿಯನ್ ಸಂಪ್ರದಾಯದಿಂದ ಪಡೆಯಲಾಗಿತ್ತು. ಪಾಶ್ಚಾತ್ಯ ಸಭೆಗಳು ಮುಂದಿನ ದಶಕಗಳಲ್ಲಿ ತಮ್ಮ ಆರಾಧನೆಯನ್ನು ಪರಿಷ್ಕರಿಸುವಾಗ ಈ ಕ್ರಮವನ್ನು ಆದರದಿಂದ ಗಮನಿಸಿದವು.

ಕಥೋಲಿಕ ಸಭೆಯ ಹಾದಿ

ಕರ್ನಾಟಕದ ಕ್ರೈಸ್ತರಲ್ಲಿ ದೊಡ್ಡ ಪಾಲು ಕಥೋಲಿಕರದು. ಬಹುಕಾಲ ರೋಮಿನ ದೃಷ್ಟಿಯಲ್ಲಿ ಐಕ್ಯವೆಂದರೆ ಬೇರೆಯಾದವರು ಮರಳಿ ಬರುವುದು. ಎರಡನೆಯ ವ್ಯಾಟಿಕನ್ ಮಹಾಸಭೆ ಈ ಧೋರಣೆಯನ್ನು ಮೃದುಗೊಳಿಸಿತು. 1964ರ ನವೆಂಬರಿನ ಐಕ್ಯ ಕುರಿತ ಆದೇಶಪತ್ರ ಇತರ ಸಭೆಯವರನ್ನು ಬೇರ್ಪಟ್ಟ ಸಹೋದರರೆಂದು ಗೌರವದಿಂದ ಕಂಡಿತು. 1965ರ ಡಿಸೆಂಬರ್ 7ರಂದು ಪೋಪ್ ಆರನೆಯ ಪೌಲ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪಿತಾಮಹ ಅಥೆನಾಗೊರಸ್ 1054ರ ಬಹಿಷ್ಕಾರಗಳನ್ನು ನೆನಪಿನಿಂದ ಅಳಿಸುವುದಾಗಿ ಸಾರಿದರು. ಲೂಥರನ ಕಾಲದ ಮೂಲ ವಿವಾದವಾದ ನೀತೀಕರಣ ತತ್ತ್ವದ ಬಗ್ಗೆ 1999ರ ಅಕ್ಟೋಬರ್ 31ರಂದು ಕಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದರು.

ಆದರೂ ಒಂದೇ ಪೀಠದ ಸುತ್ತ ಎಲ್ಲರೂ ಪ್ರಸಾದ ಪಡೆಯುವ ಸ್ಥಿತಿ ಬಂದಿಲ್ಲ. ಕಥೋಲಿಕ ಬಲಿಪೂಜೆಯಲ್ಲಿ ಪ್ರೊಟೆಸ್ಟೆಂಟರಿಗೆ ಸಾಮಾನ್ಯವಾಗಿ ಪರಮಪ್ರಸಾದ ನೀಡುವುದಿಲ್ಲ. ಗಂಡ ಕಥೋಲಿಕ, ಹೆಂಡತಿ ಸಿಎಸ್‌ಐ ಆಗಿರುವ ಮನೆಗಳಿಗೆ ಇದು ದೈವಶಾಸ್ತ್ರದ ಒಣಚರ್ಚೆಯಲ್ಲ, ಪ್ರತಿ ಭಾನುವಾರದ ನೋವು.

ಮಹಾಸಭೆ ಹೊಸ ಭಿನ್ನಮತಕ್ಕೂ ಎಡೆಮಾಡಿತು. ಲ್ಯಾಟಿನ್ನಿನ ಜಾಗಕ್ಕೆ ಜನರ ಭಾಷೆ ಬರಲೆಂದಾಗ ಬೆಂಗಳೂರಿನಲ್ಲಿ ಎದ್ದ ಪ್ರಶ್ನೆ: ಯಾವ ಜನರ ಭಾಷೆ? ತಮಿಳು, ಕನ್ನಡ, ಕೊಂಕಣಿ, ಮಲಯಾಳಂ, ಇಂಗ್ಲಿಷ್ ಮಾತನಾಡುವ ಕಥೋಲಿಕರಿರುವ ನಗರದಲ್ಲಿ, ನಾಡಭಾಷೆಗೆ ದೇವಾಲಯದೊಳಗೆ ಸಲ್ಲಬೇಕಾದ ಸ್ಥಾನಕ್ಕಾಗಿ ದಶಕಗಳ ಹೋರಾಟ ನಡೆಯಿತು. ನೆರೆಯ ಕೇರಳದ ಸಿರೋ-ಮಲಬಾರ್ ಸಭೆಯಲ್ಲಿ, ಬಲಿಪೂಜೆಯ ವೇಳೆ ಗುರುಗಳು ಜನರತ್ತ ಮುಖ ಮಾಡಬೇಕೋ ಪೀಠದತ್ತಲೋ ಎಂಬ ವಿವಾದ, ಏಕರೂಪ ಕ್ರಮ ಜಾರಿಗೊಳಿಸಲು 2021ರಲ್ಲಿ ನಿರ್ಣಯಿಸಿದ ಮೇಲೆ ಎರ್ನಾಕುಲಂನಲ್ಲಿ ತೀವ್ರ ಸಂಘರ್ಷದ ರೂಪ ತಾಳಿತು. ಅದೇ ಪ್ರಶ್ನೆಗೆ ಸಿಎಸ್‌ಐ 1950ರಲ್ಲಿ ಕಂಡುಕೊಂಡ ಉತ್ತರ ಹೇರಿಕೆಯಿಂದ ಬಂದದ್ದಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ಒಂದಾದ ಮೇಲಿನ ಜಗಳ

ಸಿಎಸ್‌ಐ ಒಳಗಿನ ಈಚಿನ ವಿವಾದಗಳು ಬೇರೆ ಜಾತಿಯವು. ಬಿಷಪ್ ಪದವಿಯ ದೈವಶಾಸ್ತ್ರೀಯ ಅರ್ಥ ಇಂದು ಯಾರನ್ನೂ ಕೆರಳಿಸುವುದಿಲ್ಲ. ಆ ಪದವಿಯ ಚುನಾವಣೆ ಕೆರಳಿಸುತ್ತದೆ. ಮಿಷನ್‌ಗಳು ಬಿಟ್ಟುಹೋದ ಶಾಲೆ, ಆಸ್ಪತ್ರೆ, ನಗರದ ನಡುವಿನ ಬೆಲೆಬಾಳುವ ಜಮೀನುಗಳ ಮೇಲಿನ ಹಿಡಿತ ಇದರ ಮೂಲ. ಜಾತಿ ಮತ್ತು ಪ್ರಾದೇಶಿಕ ನಿಷ್ಠೆಗಳೂ ಹಲವೆಡೆ ಮತದಾನದಲ್ಲಿ ಕೆಲಸ ಮಾಡುತ್ತವೆ. ಸಭೆಯ ಸಂವಿಧಾನದ ತಿದ್ದುಪಡಿ ಹಾಗೂ ಮಾಡರೇಟರ್ ಆಯ್ಕೆಯ ವಿವಾದ ನ್ಯಾಯಾಲಯಕ್ಕೆ ಹೋಗಿ, 2024ರಲ್ಲಿ ಮದ್ರಾಸ್ ಹೈಕೋರ್ಟ್ ನಿವೃತ್ತ ನ್ಯಾಯಾಧೀಶರಿಬ್ಬರನ್ನು ಆಡಳಿತಾಧಿಕಾರಿಗಳಾಗಿ ನೇಮಿಸುವ ಸ್ಥಿತಿ ಬಂತು. ಕೇರಳದ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಪಂಗಡಗಳ ವ್ಯಾಜ್ಯವಂತೂ 1958, 1995 ಮತ್ತು 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಕಂಡರೂ ನೆಲಮಟ್ಟದಲ್ಲಿ ತಣಿಯಲಿಲ್ಲ. ಕಟ್ಟಡದ ಬೀಗದಕೈ ಯಾರದೆಂದು ನ್ಯಾಯಾಲಯ ಹೇಳಬಲ್ಲದು. ಒಳಗೆ ಕೂಡಿ ಪ್ರಾರ್ಥಿಸುವಂತೆ ಮಾಡಲಾರದು.

ಹೊರಗಿನ ಒತ್ತಡವೂ ಸಭೆಗಳನ್ನು ಹತ್ತಿರ ತಂದಿದೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯಲ್ಲಿ ನಡೆದ ದಾಳಿಗಳಿಗೆ ಕಥೋಲಿಕರ ಆರಾಧನಾ ಮಂದಿರವೂ ಸ್ವತಂತ್ರ ಪಂಗಡಗಳ ಪ್ರಾರ್ಥನಾ ಮಂದಿರಗಳೂ ತುತ್ತಾದವು. ಪರಸ್ಪರ ದೂರವಿದ್ದ ಪಂಗಡಗಳು ಆಗ ಒಂದೇ ವೇದಿಕೆಗೆ ಬಂದವು. ಆದರೆ ಭಯದಿಂದ ಹುಟ್ಟಿದ ಒಗ್ಗಟ್ಟು ಭಯ ಇಳಿದಂತೆ ಸಡಿಲವಾಗುವುದು ಸಹಜ. ವೇಗವಾಗಿ ಬೆಳೆಯುತ್ತಿರುವ ಪೆಂಟಕೋಸ್ಟಲ್ ಮತ್ತು ಸ್ವತಂತ್ರ ಸಭೆಗಳಿಗೂ ಹಳೆಯ ಸಭೆಗಳಿಗೂ ನಡುವೆ ಸದಸ್ಯರ ಸೆಳೆತ, ಪುನಃ ದೀಕ್ಷಾಸ್ನಾನ ಮುಂತಾದ ವಿಷಯಗಳಲ್ಲಿ ಮನಸ್ತಾಪ ಮುಂದುವರಿದಿದೆ.

ನಂದ್ಯಾಲದ ಉತ್ತರ

ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಕ್ರಿಸ್ತನು ತನ್ನ ಶಿಷ್ಯರೆಲ್ಲರೂ ಒಂದಾಗಿರಲೆಂದು ಮಾಡಿದ ಪ್ರಾರ್ಥನೆಯೇ ಸಿಎಸ್‌ಐ ಲಾಂಛನದ ಧ್ಯೇಯವಾಕ್ಯದ ಮೂಲ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ಬಹುತೇಕ ಸಭೆಗಳು ಆಚರಿಸುವ ಐಕ್ಯ ಪ್ರಾರ್ಥನಾ ಸಪ್ತಾಹವೂ ಅದನ್ನೇ ಆಧರಿಸಿದೆ. ಆ ಪ್ರಾರ್ಥನೆ ಪೂರ್ತಿ ನೆರವೇರಿದೆ ಎಂದು ಯಾವ ಸಭೆಯೂ ಹೇಳಿಕೊಳ್ಳುವುದಿಲ್ಲ.

1947ರಲ್ಲಿ ಐಕ್ಯವನ್ನು ತಿರಸ್ಕರಿಸಿದ ನಂದ್ಯಾಲದ ಮುಂದಿನ ಕಥೆ ಇಲ್ಲಿ ಪ್ರಸ್ತುತ. ಒತ್ತಾಯಿಸಿ ಎಳೆತಂದಿದ್ದರೆ ಆ ಸಭೆಗಳು ಶಾಶ್ವತ ವೈರಿಗಳಾಗುತ್ತಿದ್ದವೋ ಏನೋ. ಮನಸ್ಸಾಕ್ಷಿಯ ವಚನವನ್ನು ಕೊಟ್ಟಿದ್ದ ಸಿಎಸ್‌ಐ ಕಾದಿತು. ಸುಮಾರು ಮೂರು ದಶಕಗಳ ತರುವಾಯ, 1970ರ ದಶಕದಲ್ಲಿ, ನಂದ್ಯಾಲ ಡಯಾಸಿಸ್ ತಾನಾಗಿಯೇ ಒಳಬಂದಿತು. 2013ರ ಸೆಪ್ಟೆಂಬರಿನಲ್ಲಿ ಸಿಎಸ್‌ಐ ತನ್ನ ಇತಿಹಾಸದ ಪ್ರಥಮ ಮಹಿಳಾ ಬಿಷಪ್ಪರನ್ನು ಅಭಿಷೇಕಿಸಿತು. ಅವರು ಇ. ಪುಷ್ಪಲಲಿತಾ, ಅವರಿಗೆ ಸಂದದ್ದು ನಂದ್ಯಾಲದ ಪೀಠ. ಬಿಷಪ್ ಪದವಿಯ ಹಳೆಯ ಪರಂಪರೆಗೆ ಕುಂದು ಬರುತ್ತದೆಂದು ಒಮ್ಮೆ ದೂರ ನಿಂತಿದ್ದ ಸೀಮೆಯೇ ಆ ಪದವಿಗೆ ಬಂದ ಅತಿದೊಡ್ಡ ಬದಲಾವಣೆಯನ್ನು ಮೊದಲು ಬರಮಾಡಿಕೊಂಡಿತು. 28 ವರ್ಷಗಳ ಮಾತುಕತೆ, ಆಮೇಲಿನ ಸುಮಾರು 30 ವರ್ಷಗಳ ಕಾಯುವಿಕೆ: ಸಭೆಯ ಐಕ್ಯಕ್ಕೆ ಬೇಕಾಗುವ ಕಾಲದ ಅಳತೆ ಇದು.